ಮುಟ್ಟಬಹುದಾದ ಗೋಡೆ

ಮೆಹದಿಪಟ್ಟಣಂನ ನಮ್ಮ ಶಾಲೆಯಿಂದ ಕಣ್ಣು ಕಾಣದ ಏಳು ಮಕ್ಕಳನ್ನು ಕರೆದುಕೊಂಡು ನವಾಬರ ಕಾಲದ ಹವೇಲಿಯೊಂದಕ್ಕೆ ಹೋಗಿದ್ದೆ. ನಾನು ಅವರ ಇತಿಹಾಸದ ಟೀಚರ್. ಗೋಡೆ ಮುಟ್ಟಬಾರದು ಎಂಬ ಬೋರ್ಡನ್ನು ವಾಚ್‌ಮನ್ ತೋರಿಸಿದ. ಈ ಮಕ್ಕಳಿಗೆ ನೋಡುವುದೆಂದರೆ ಮುಟ್ಟುವುದೇ ಎಂದು ಹಿಂದಿಯಲ್ಲಿ ಎಷ್ಟು ಹೇಳಿದರೂ, "ನನ್ನ ನೌಕರಿ ಹೋಗ್ತದೆ ಮೇಡಂ" ಎಂದ. ಅವನದೂ ತಪ್ಪಲ್ಲ.

"ಇನ್ನೇನ್ ಮಾಡೂದು" ಎಂದು ಕನ್ನಡದಲ್ಲೇ ನನ್ನಷ್ಟಕ್ಕೆ ಗೊಣಗಿದೆ. ಅಂಗಳದಲ್ಲಿ ಗಾರೆ ಕಲಸುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿದರು.

"ಕನ್ನಡದವರೇನ್ರಿ ಅಕ್ಕಾರ?"

ಅವರು ಯಾದಗಿರಿ ಕಡೆಯ ಮಲ್ಲಮ್ಮ, ಹವೇಲಿಯ ದುರಸ್ತಿಗೆ ಬಂದವರು. ನನ್ನ ಪೇಚಾಟ ಕೇಳಿ ಒಂದು ಮೂಲೆ ತೋರಿಸಿದರು.

"ಬೋರ್ಡ್ ಇರೂದು ಹಳೇ ಗ್ವಾಡಿಗ್ರಿ. ಇದು ಬಿದ್ದಿತ್ತು, ಹ್ವಾದ ತಿಂಗಳ ನಾವು ಕಟ್ಟೀವಿ. ಸುಣ್ಣ ಅದೇ, ಹೂಬಳ್ಳಿನೂ ಅದೇ. ಇದನ್ನ ಮುಟ್ಟಲಿ ಬಿಡ್ರಿ."

ಅದನ್ನೇ ನಾನು ಹಿಂದಿಯಲ್ಲಿ ಹೇಳಿದೆ. ವಾಚ್‌ಮನ್ ಸ್ವಲ್ಪ ಯೋಚಿಸಿ, ರಸ್ತೆ ಕಡೆ ಮುಖ ತಿರುಗಿಸಿ ನಿಂತ.

ಮಲ್ಲಮ್ಮ ಒಬ್ಬೊಬ್ಬರ ಬೆರಳನ್ನೂ ಹಿಡಿದು ಗಾರೆಯಲ್ಲಿ ಮೂಡಿಸಿದ ಬಳ್ಳಿಯ ಉದ್ದಕ್ಕೂ, ಗೋಡೆಗೂಡಿನ ಬಾಗಿದ ಅಂಚಿನ ಮೇಲೂ ಆಡಿಸಿದರು. "ಕಮಾನು ಅಂದ್ರೆ ಇದಾ ಟೀಚರ್?" ಎಂದು ಹುಡುಗಿಯೊಬ್ಬಳು ತೆಲುಗಿನಲ್ಲಿ ಕೇಳಿದಳು. ಆ ಶಬ್ದವನ್ನು ವರ್ಷವಿಡೀ ಪಾಠದಲ್ಲಿ ಹೇಳಿದ್ದೆ.

ಹೊರಡುವಾಗ ಮಲ್ಲಮ್ಮನಿಗೆ ಉಪಕಾರವಾಯಿತು ಎಂದೆ. "ನಾವು ಮಾಡಿದ್ದನ್ನ ಇಷ್ಟು ಸಾವಕಾಶ ಯಾರೂ ನೋಡಿಲ್ರಿ" ಎಂದು ಅವರೇ ನನಗೆ ಕೈಮುಗಿದರು.

ಮರುವಾರದ ಪರೀಕ್ಷೆಯಲ್ಲಿ ಹವೇಲಿ ಕಟ್ಟಿದವರು ಯಾರು ಎಂದು ಕೇಳಿದ್ದೆ. ಏಳೂ ಮಕ್ಕಳು ಮಲ್ಲಮ್ಮ ಎಂದು ಬರೆದಿದ್ದರು. ಕಟ್ಟಿಸಿದವರು ಯಾರು ಎಂದು ಕೇಳದೆ ಹೋದದ್ದು ನನ್ನ ತಪ್ಪು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.