ಹೆಗಲಿಗೆ ಹಾಕಿದ ಬೇಡಿಕೆ ರೇಖೆ

ವಿಶಾಖಾ ವಿಜಯಪುರದ ಕಾಲೇಜೊಂದರಲ್ಲಿ ಒಂಬತ್ತು ವರ್ಷಗಳಿಂದ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಮನೆಯಲ್ಲಿ ಉಳಿದವರನ್ನು ಅವಳ ಊರು ಇಟ್ಟಂಗಿಹಾಳದಲ್ಲಿ ಯಾರೂ ಅತಿಥಿ ಅನ್ನುವುದಿಲ್ಲ. ಕಾಲೇಜು ಅನ್ನುತ್ತದೆ.

ಈ ವರ್ಷ ಕಾಲೇಜು ಆನ್‌ಲೈನ್ ಕೋರ್ಸ್ ಮಾಡಿತು. ‘ಎಲ್ಲರನ್ನೂ ಒಳಗೊಳ್ಳುವ ಕೋರ್ಸ್’ ಎಂದು ಬ್ಯಾನರ್ ಬರೆಸಿದ್ದರಿಂದ, ಒಳಗೊಂಡಂತೆಯೇ ಲೆಕ್ಕ. ವಿಶಾಖಾ ಪರದೆಯ ಗೆರೆಗಳನ್ನು ಕೋಲಿನಿಂದ ತೋರಿಸುತ್ತ ಬೇಡಿಕೆಯ ಪಾಠವನ್ನು ಹದಿನೆಂಟು ನಿಮಿಷದಲ್ಲಿ ಮುಗಿಸಿದಳು. ಸಂಯೋಜಕ ಪರಮೇಶ್ವರ ಸರ್ “ಛಲೋ ಆಗೇತ್ರಿ” ಅಂದರು.

ವಿಡಿಯೊ ಬಂದ ಮರುದಿನ ಬುಡ್ಡೇಸಾಬ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಸಾರವಾಡದ ಹುಡುಗ, ಹುಟ್ಟಿನಿಂದ ಕಣ್ಣಿಲ್ಲ. ಉಳಿದೆಲ್ಲ ಪಾಸಾಗಿ ಇದೊಂದೇ ವಿಷಯದಲ್ಲಿ ಎರಡು ಸಲ ಫೇಲಾಗಿದ್ದ. ಮೂರು ವಾರಕ್ಕೆ ಪರೀಕ್ಷೆ. ಈ ಸಲವೂ ಹೋದರೆ ಬಿ.ಎ. ಬಿಟ್ಟು ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

“ಮೇಡಂ, ನಾಕು ಸಲ ಕೇಳೇನ್ರಿ. ‘ಇಲ್ಲಿಂದ ಇಲ್ಲಿಗೆ ಬಂತು, ಇದು ಹಿಂಗ ಇಳೀತು’ ಅಂತೀರಿ. ಇಲ್ಲಿ ಅಂದ್ರ ಎಲ್ಲಿರಿ?”

ಅಂದು ಸಂಜೆ ಬಸ್ಸಿನಲ್ಲಿ ವಿಶಾಖಾ ಕಣ್ಣು ಮುಚ್ಚಿ ಫೋನಿನಲ್ಲಿ ತನ್ನ ಪಾಠ ತಾನೇ ಕೇಳಿದಳು. ಬೆರಳು ಮಡಚಿ ಎಣಿಸಿದಳು: ನಲವತ್ಮೂರು ಸಲ ‘ಇಲ್ಲಿ’. ಅದನ್ನು ಕಳೆದರೆ ಪಾಠದಲ್ಲಿ ಉಳಿದದ್ದು ನಮಸ್ಕಾರ.

ಪಕ್ಕದ ಸೀಟಿನಲ್ಲಿದ್ದ ಊರಿನ ಮುದುಕಿ ರಾಚವ್ವ ಕೇಳಿದಳು: “ತಲಿ ನೋಯಾಕತ್ತೈತೇನ್ ಯವ್ವಾ?”

“ಇಲ್ಲ ಬೇ ಆಯಿ, ಪಾಠ ಕೇಳಾಕತ್ತೇನಿ.”

“ಯಾರ್ದು?”

“ನಂದ.”

ರಾಚವ್ವ ಸ್ವಲ್ಪ ಸರಿದು ಕೂತಳು.

ಮರುದಿನ ವಿಶಾಖಾ ಬುಡ್ಡೇಸಾಬನನ್ನು ಕರೆದಳು. ಅವನ ಚೀಲದ ಪಟ್ಟಿ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿದಿತ್ತು.

“ಹೆಗಲ ಮ್ಯಾಲ ಬೆರಳಿಡು. ಅಲ್ಲಿ ತಿಕೋಟಾದ ದ್ರಾಕ್ಷಿ ಕಿಲೋಕ್ಕ ನೂರು ರೂಪಾಯಿ. ಕೊಳ್ಳೂದು ಕಡಿಮಿ. ಈಗ ಪಟ್ಟಿ ಹಿಡಕೊಂಡು ಕೆಳಗಿಳಿ. ರೇಟ್ ಇಳದಂಗ ಬೆರಳು ಬಲಕ್ಕ ಸರೀತು, ಕೊಳ್ಳೂದು ಹೆಚ್ಚಾತು. ಇದ ಬೇಡಿಕಿ ರೇಖಾ.”

ಬುಡ್ಡೇಸಾಬ ಎರಡು ಸಲ ಬೆರಳು ಜಾರಿಸಿದ. ಆಮೇಲೆ ಚೀಲ ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡ.

“ಹಿಂಗ ಹಾಕ್ಕೊಂಡ್ರ ಪೂರೈಕೆ ಅಲ್ರಿ? ಎರಡೂ ಎದಿ ಮ್ಯಾಲ ಕೂಡ್ತಾವು. ರೇಟ್ ಅಲ್ಲೇ ನಿಲ್ತೈತಿ.”

ಒಂಬತ್ತು ವರ್ಷದಲ್ಲಿ ಕಣ್ಣಿದ್ದ ಯಾರೂ ಅವಳು ಹೇಳುವ ಮೊದಲೇ ಇದನ್ನು ಹೇಳಿರಲಿಲ್ಲ.

ಅವಳು ಪಾಠವನ್ನು ಹೊಸದಾಗಿ ರೆಕಾರ್ಡ್ ಮಾಡಿದಳು. ‘ಇಲ್ಲಿ’ ಒಂದೂ ಇಲ್ಲ. ಇಪ್ಪತ್ತೇಳು ನಿಮಿಷವಾಯಿತು.

“ಅಲ್ರೀ ಮೇಡಂ, ಇಪ್ಪತ್ತ ನಿಮಿಷ ಅಂತ ನಿಯಮ ಐತಿ,” ಅಂದರು ಪರಮೇಶ್ವರ ಸರ್. “ಒಬ್ಬನ ಸಲುವಾಗಿ ಅರವತ್ತು ಮಂದಿಗೆ ಉದ್ದ ಮಾಡೂದೇನು?”

“ಆ ಒಬ್ಬ ‘ಎಲ್ಲರ’ ಒಳಗ ಬರೂದಿಲ್ಲೇನ್ರಿ ಸರ್?”

“ಬ್ಯಾನರ್ ಬ್ಯಾರೆ, ನಿಯಮ ಬ್ಯಾರೆರಿ.”

ಪಾಠ ವಾಪಸ್ ಬಂತು. ವಿಶಾಖಾ ಅದರ ಧ್ವನಿಯನ್ನಷ್ಟೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ವಿಡಿಯೊ ತೆರೆದರೆ ನೆಟ್‌ವರ್ಕ್ ಸಾಲದೆ ಚಕ್ರ ತಿರುಗುವುದನ್ನೇ ನೋಡುತ್ತ ಕೂರುತ್ತಿದ್ದ ಬಬಲೇಶ್ವರ, ಕಾಖಂಡಕಿ ಕಡೆಯ ಹುಡುಗಿಯರು ಮೊದಲು ಬರೆದರು: “ಉಳಿದ ಪಾಠಾನೂ ಹಿಂಗ ಕಳಸ್ರಿ ಮೇಡಂ.” ಪರೀಕ್ಷೆಯೊಳಗೆ ಹನ್ನೊಂದು ಪಾಠ ಕಳಿಸಿದಳು. ಈ ಗಂಟೆಗಳಿಗೆ ಸಂಬಳ ಇರಲಿಲ್ಲ.

ಬುಡ್ಡೇಸಾಬ ಪಾಸಾದ.

ಕೋರ್ಸಿನ ಯಶಸ್ಸಿಗೆ ಕಾಲೇಜು ಸಮಾರಂಭ ಇಟ್ಟಿತು. ಶಾಲು ಪರಮೇಶ್ವರ ಸರ್‌ಗೆ. ಬುಡ್ಡೇಸಾಬನನ್ನು, ಬಲ ಸೊಂಟಕ್ಕೆ ಇಳಿದ ಚೀಲದೊಂದಿಗೇ, ಬ್ಯಾನರಿನ ಮುಂದೆ ನಿಲ್ಲಿಸಿದರು. ಅತಿಥಿಗಳ ಸಾಲಿನಲ್ಲಿ ಅತಿಥಿ ಉಪನ್ಯಾಸಕರಿಗೆ ಕುರ್ಚಿ ಇರಲಿಲ್ಲವಾದ್ದರಿಂದ ವಿಶಾಖಾ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು.

ಫೋಟೊದವನು ಕೂಗಿದ: “ಇಲ್ಲಿ ನೋಡ್ರಿ!”

“ಇಲ್ಲಿ ಅಂದ್ರ ಎಲ್ಲಿರಿ?” ಅಂದ ಬುಡ್ಡೇಸಾಬ.

ವೇದಿಕೆಯ ಮೇಲಿದ್ದವರೆಲ್ಲ ಫೋಟೊದವನತ್ತ ಬೆರಳು ತೋರಿಸಿದರು.

“ಬಲಕ್ಕ ಹೊರಳು, ಬುಡ್ಡೇಸಾಬ,” ಅಂದಳು ವಿಶಾಖಾ, ಗೋಡೆಯ ಕಡೆಯಿಂದ. “ಚೀಲ ಇರೂ ಕಡೆ.”

ಅವನು ಹೊರಳಿದ. ಬ್ಯಾನರಿನ ಅಕ್ಷರ ಸಮೇತ ಫೋಟೊ ಸ್ವಚ್ಛ ಬಂದಿದೆ. ಅದರಲ್ಲಿ ವಿಶಾಖಾ ಇಲ್ಲ.