ನಿಂಬೆ ರಸಕ್ಕೆ ಬಿದ್ದ ಹವಳ

ಮೊನ್ನೆ ಸಿಂಧನೂರಿನ ನಮ್ಮ ಮಣಿ ಅಂಗಡಿಯಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತು ನಿಂಬೆಹಣ್ಣು ಹೆಚ್ಚಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ತುತ್ತು ಕೈಯಲ್ಲೇ ಉಳಿಯಿತು. ಚಾಚಿ ನೆನಪಾದಳು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನಿಂಬೆ ಹಿಂಡಿಕೊಳ್ಳಲು ಮನಸ್ಸಾಗುವುದಿಲ್ಲ, ಏನು ಮಾಡಲಿ...

ಚಿಕ್ಕಮ್ಮನಂತೆ ಕಂಡು ನಾವು ಚಾಚಿ ಎನ್ನುತ್ತಿದ್ದ ಅವಳು ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯವಳು. ಮದುವೆ ಮನೆಗಳಿಗೆ ಮಣಿ ಪೋಣಿಸಿ ಕೊಡುವುದು ಅವಳ ಕಸುಬು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಎಳೆದೊಯ್ದು ಆ ಕೆಲಸ ಕಲಿಸಿದಳು. ಕಲಿಸಿದಳು ಎನ್ನುವುದಕ್ಕಿಂತ ಬಡಿದಳು ಎನ್ನಬೇಕು. ಗಾಜಿನ ಮಣಿಯನ್ನು ಅಕೀಕಿನ ಕಲ್ಲು, ಅಂದರೆ ಅಗೇಟ್, ಎಂದೆನೋ, ಇಕ್ಕಳದಿಂದ ಬೆರಳಿನ ಗಂಟಿಗೇ ಏಟು.

"ಗಲ್ಲಕ್ಕ ಹಚ್ಚಿ ನೋಡ್ ಬೇ. ಗಾಜು ಜಲ್ದಿ ಬೆಚ್ಚಗಾಗ್ತೈತಿ. ಕಲ್ಲು ಆಗಂಗಿಲ್ಲ."

ಮಳೆ ಬಿದ್ದ ಮೇಲೆ ಮಸ್ಕಿ ಗುಡ್ಡದ ಬುಡದ ಹೊಲಗಳಲ್ಲಿ ಯಾವುದೋ ಕಾಲದ ಕೆಂಪು ಮಣಿಗಳು ಮೇಲೇಳುತ್ತಿದ್ದವು. ಅವೂ ಬೆಂಕಿ ಕಂಡವೇ ಎನ್ನುತ್ತಿದ್ದಳು ಚಾಚಿ. ಮಾಸಲು ಹಳದಿ ಅಕೀಕನ್ನು ಬೂದಿಯಲ್ಲಿ ಹುಗಿದು ಸಣ್ಣ ಉರಿಯಲ್ಲಿ ಕಾಸಿದರೆ ಕೆಂಪೇರುತ್ತದೆ. ಕಪ್ಪು ಬೇಕಾದರೆ ಸಕ್ಕರೆ ಪಾಕದಲ್ಲಿ ನೆನೆಸಿ ಆಸಿಡ್‌ಗೆ ಹಾಕುತ್ತಾರೆ. ಒಳಗೆ ಹೊಕ್ಕ ಸಕ್ಕರೆ ಸುಟ್ಟು ಕಲ್ಲು ಕರ್ರಗಾಗುತ್ತದೆ. ಒಮ್ಮೆ ನಾನು ಅವಸರಪಟ್ಟು ಉರಿ ಜೋರು ಮಾಡಿದ್ದಕ್ಕೆ ಕಲ್ಲು ಸಿಡಿದು ಅದರ ಚೂರು ನನ್ನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಚಾಚಿ ಮೊದಲು ಮನಸಾರೆ ಬೈದು, ಆಮೇಲೆ ಅರಿಷಿಣ ಒತ್ತಿದಳು.

ಅಕ್ಕನ ಮದುವೆ ಲಿಂಗಸುಗೂರಿನ ಒಂದು ಮನೆಯ ಹುಡುಗನೊಂದಿಗೆ ನಿಶ್ಚಯವಾಯಿತು. ತವರಿನ ಹವಳವಿಲ್ಲದೆ ನಮ್ಮ ಮನೆಯಲ್ಲಿ ತಾಳಿ ಪೋಣಿಸುವುದಿಲ್ಲ. ಅಜ್ಜಿಯ ಹವಳಗಳನ್ನು ಚಾಚಿಯೇ ಹೊಸ ದಾರಕ್ಕೆ ಹಾಕಿದಳು. ಅಕ್ಕನ ಅತ್ತೆಯಾಗುವವಳು ಅದನ್ನು ಎತ್ತಿ ನೋಡಿ ಮೂಗು ಮುರಿದಾಗ ಚಾಚಿಗೆ ಸಿಟ್ಟು ನೆತ್ತಿಗೇರಿತು.

"ಖರೇ ಹವಳ ಐತ್ರೀ. ಸಂಶೆ ಇದ್ರ ನಿಂಬಿ ರಸದಾಗ ಹಾಕಿ ನೋಡ್ರಿ."

ಮಣಿ ಕಸುಬಿನವರಿಗೆ ಇದು ಗೊತ್ತು. ನಿಜವಾದ ಹವಳ ಹುಳಿ ತಾಗಿದರೆ ನೊರೆ ಬಿಡುತ್ತದೆ, ಗಾಜಿಗೆ ಏನೂ ಆಗುವುದಿಲ್ಲ. ಅದೂ ಒಂದು ಹನಿ ಮುಟ್ಟಿಸಿ ತಕ್ಷಣ ಒರೆಸಬೇಕು. ಚಾಚಿ ಸಿಟ್ಟಿನ ಭರದಲ್ಲಿ ಇಷ್ಟು ಹೇಳಲಿಲ್ಲ. ಆ ಹೆಂಗಸು ಬಂಗಾರದ ಲೆಕ್ಕದಲ್ಲಿ ತಿಳಿದುಕೊಂಡಳು, ಖರೇ ಇದ್ದರೆ ಏನೂ ಆಗುವುದಿಲ್ಲ ಎಂದು.

ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಅಕ್ಕನ ಕೊರಳಿನ ಹವಳ ಬಿಚ್ಚಿಸಿ ನಿಂಬೆ ರಸದಲ್ಲಿ ನೆನೆಯಿಟ್ಟರು. ಮರುದಿನ ಅವು ಸುಣ್ಣದ ಹರಳಿನಂತಾಗಿದ್ದವು. ಅತ್ತೆ ಜಡೆ ಹಿಡಿದಳು, ಗಂಡ ಬೆಲ್ಟ್ ಬಿಚ್ಚಿದ. ಅಕ್ಕ ಹೇಗೋ ನನಗೆ ಫೋನ್ ಮಾಡಿದಳು.

"ಹವಳ ಖೊಟ್ಟಿ ಅಂತ ಹೊಡ್ಯಾಕತ್ತಾರ. ಚಾಚಿಗೆ ಹೇಳ್..."

ಅಪ್ಪ ಹಿರಿಯರನ್ನು ಕೂಡಿಸಿ ಹೋಗೋಣ ಎಂದ. ಚಾಚಿ ಕಾಯಲಿಲ್ಲ. ಸುತ್ತಿಗೆ, ನಿಂಬೆಹಣ್ಣು ಚೀಲಕ್ಕೆ ಹಾಕಿಕೊಂಡು ನನ್ನನ್ನು ಬಸ್ಸಿಗೆ ಹತ್ತಿಸಿದಳು. ದಾರಿಯಲ್ಲಿ ಒಂದೇ ಮಾತು. "ಬಾಯಿ ನಂದು, ಏಟು ಆಕೀಗೆ."

ಲಿಂಗಸುಗೂರಿನ ಆ ಮನೆಯಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಚಾಚಿ ಪಕ್ಕದ ತಟ್ಟೆಯಲ್ಲಿದ್ದ ಬಿಳಿಚಿದ ಹವಳದ ಮೇಲೆ ನಿಂಬೆ ಹಿಂಡಿದಳು. ಬುಸಬುಸನೆ ನೊರೆ ಎದ್ದಿತು. "ನೋಡ್ರಿ. ಖರೇ ಇದ್ದದ್ದಕ್ಕ ಸುಡತೈತಿ." ಆಮೇಲೆ ಅತ್ತೆಯ ಕೊರಳಿನ ಹವಳದ ಸರವನ್ನೇ ಕಿತ್ತು, ಅದರ ಮೇಲೂ ಹಿಂಡಿದಳು. ಅದು ಥಳಥಳ ಹೊಳೆಯುತ್ತಲೇ ಇತ್ತು. ಹೊಸ್ತಿಲ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದಳು. ಕೆಂಪು ಗಾಜು ಅಂಗಳದ ತುಂಬ ಹಾರಿತು. ಅದು ಗಾಜೆಂದು ಆ ಹೆಂಗಸಿಗೂ ಗೊತ್ತಿರಲಿಲ್ಲ, ಮುಖ ಕಪ್ಪಿಟ್ಟಿತು.

ಅವಳ ಮಗ ಸುತ್ತಿಗೆ ಕಸಿದುಕೊಂಡ. ಚಾಚಿಯ ಬಲಗೈಯನ್ನು ಅದೇ ಹೊಸ್ತಿಲಿಗೆ ಒತ್ತಿ ಹೊಡೆದ. ನಾನು ಅವನ ತೋಳಿಗೆ ಹಲ್ಲೂರಿ ಕಚ್ಚಿದೆ. ಅವನು ಬಿಡಲಿಲ್ಲ, ಮತ್ತೆ ಹೊಡೆದ. ಬೂದಿಯಲ್ಲಿ ಕಲ್ಲು ಸಿಡಿದಾಗ ಬರುವಂಥದೇ ಸದ್ದು... ಓಣಿಯವರು ಓಡಿಬಂದು ಅವನನ್ನು ಎಳೆದು ಹಿಡಿದರು. ಚಾಚಿ ಎಡಗೈಯಿಂದ ಅಕ್ಕನ ರಟ್ಟೆ ಹಿಡಿದಳು.

"ಏಳ್ ಮಗಳ. ಬಸ್ ಐತಿ."

ನಾನು ತಟ್ಟೆಯ ಹವಳಗಳನ್ನು ಸೆರಗಿಗೆ ಸುರಿದುಕೊಂಡೆ. ಅಕ್ಕ ಮತ್ತೆ ಆ ಮನೆಗೆ ಹೋಗಲಿಲ್ಲ. ಕೇಸಾಯಿತು, ಹಿರಿಯರು ಕೂತು ರಾಜಿಯನ್ನೂ ಮಾಡಿಸಿದರು. ಆ ರಾಜಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಚಾಚಿಯ ಬೆರಳುಗಳು ಸೂಜಿ ಹಿಡಿಯಲು ಮತ್ತೆ ಮಡಚಲಿಲ್ಲ. ಅವಳು ಹೇಳುತ್ತಿದ್ದಳು, ನಾನು ಪೋಣಿಸುತ್ತಿದ್ದೆ. ತಪ್ಪಿದರೆ ಎಡಗೈಯಿಂದ ಏಟು ಬೀಳುತ್ತಿತ್ತು, ಅದು ಬಲಗೈಯದಕ್ಕಿಂತ ಬಿರುಸು. ಹಾಗೆಯೇ ಬೈಯುತ್ತ, ಬಡಿಯುತ್ತ ಹೋದ ವರ್ಷ ತೀರಿಕೊಂಡಳು.

ಮೊನ್ನೆ ನಾನು ಮುಟ್ಟದೆ ಬಿಟ್ಟ ನಿಂಬೆಹೋಳನ್ನು ಅಕ್ಕ ತೆಗೆದುಕೊಂಡು ತನ್ನ ಅನ್ನಕ್ಕೆ ಹಿಂಡಿಕೊಂಡಳು. ಅಂಗಡಿಯನ್ನು ನಾವಿಬ್ಬರೂ ನೋಡಿಕೊಳ್ಳುತ್ತೇವೆ. ಅವಳ ಕೊರಳಲ್ಲಿ ಬೆಳ್ಳಗಾದ ಅವೇ ಹವಳಗಳು.

"ಪಾಲಿಶ್ ಹಾಕಿಸೂಣೇನ?" ಎಂದೆ.

"ಯಾರು ಹಾಕ್ತಾರ? ಆಕೀನ ಇಲ್ಲಲ್ಲ."

ಪಾಲಿಶ್ ಮಾಡುವುದು ನನಗೂ ಬರುತ್ತದೆ, ಚಾಚಿಯೇ ಕಲಿಸಿದ್ದು. ಅಕ್ಕನಿಗೂ ಅದು ಗೊತ್ತು. ಅವಳಿಗೆ ಆ ಬಿಳುಪೇ ಬೇಕೆಂದು ತಿಳಿದು ನಾನು ಊಟ ಮುಗಿಸಿದೆ.