ಇಪ್ಪತ್ತು ಮಿಲಿಸೆಕೆಂಡು

ಆಫೀಸಿನಲ್ಲಿ ಅವರನ್ನು ಎಲ್ಲರೂ ‘ನಿದ್ದೆ ಮೇಡಂ’ ಎನ್ನುತ್ತಿದ್ದೆವು. ಎದುರಿಗೇ ಅನ್ನುತ್ತಿದ್ದೆವು, ಅವರೂ ನಗುತ್ತಿದ್ದರು. ನಮ್ಮ ಕಂಪನಿ ಮಾಡುತ್ತಿದ್ದದ್ದು ಗಟ್ಟಿ ಕವಚದ ಚಿಕ್ಕ ಕಂಪ್ಯೂಟರ್‌ಗಳನ್ನು. ಲಾರಿ, ದೋಣಿ, ಆಂಬುಲೆನ್ಸ್‌ಗಳಲ್ಲಿ ಕೂರಿಸುವಂಥವು. ಮುಚ್ಚಳ ಮುಚ್ಚಿದರೆ ಅವು ನಿದ್ದೆಗೆ ಜಾರಬೇಕು, ತೆರೆದ ಕೂಡಲೇ ಕಣ್ಣು ಬಿಡಬೇಕು. ಇದನ್ನು ನೋಡಿಕೊಳ್ಳುವುದು ಕರ್ನಲ್, ಅಂದರೆ ಯಂತ್ರದ ಎಲ್ಲ ಭಾಗಗಳನ್ನೂ ಆಳುವ ತಳದ ತಂತ್ರಾಂಶ. ಮಲಗಿಸುವಾಗ ಒಂದೊಂದೇ ಭಾಗವನ್ನು ಕ್ರಮವಾಗಿ ಮಲಗಿಸಬೇಕು, ಎಬ್ಬಿಸುವಾಗ ಅದೇ ಕ್ರಮವನ್ನು ತಿರುಗಿಸಿ ಎಬ್ಬಿಸಬೇಕು. ಹದಿನಾಲ್ಕು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ. ಬೇರೆ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಯಂತ್ರ ಏಳದೇ ಹೋದರೆ, ಯಾಕೆ ಏಳಲಿಲ್ಲ ಎಂದು ತೋರಿಸಲು ಪರದೆಯೂ ಇರುವುದಿಲ್ಲವಲ್ಲ!

ಮೇಡಂಗೆ ಮದುವೆಯಾಗಿರಲಿಲ್ಲ. ಟೈಲರಿಂಗ್ ಅಂಗಡಿ ಇಟ್ಟಿದ್ದ ಅಕ್ಕನ ಜೊತೆ ಇದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಆಫೀಸಿನಲ್ಲಿ ಅವರ ಪಕ್ಕದ ಮೇಜಿನವ. ಇದರಲ್ಲಿ ಸ್ವಲ್ಪ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಅವರೇ ಹೇಳಿದ್ದು.

ಒಂದು ಬೆಳಿಗ್ಗೆ, ಹಿಂದಿನ ವರ್ಷ ನಮ್ಮ ಯಂತ್ರಗಳನ್ನು ಕೊಂಡಿದ್ದ ಆಂಬುಲೆನ್ಸ್ ಸೇವೆಯವರಿಂದ ದೂರು ಬಂತು. ಯಾವಾಗಲೋ ಒಮ್ಮೆ ಮುಚ್ಚಳ ತೆರೆದರೂ ಪರದೆ ಕಪ್ಪಾಗೇ ಇರುತ್ತದೆ, ಮ್ಯಾಪ್ ಬರುವುದಿಲ್ಲ. ಒಂದು ವರ್ಷದಲ್ಲಿ ಹನ್ನೊಂದು ಸಲ ಹೀಗಾಗಿದೆ. ಟೈಪ್ ಮಾಡಿದ ಆ ಕಾಗದದ ತಳದಲ್ಲಿ ಯಾರೋ ಪೆನ್ನಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿದ್ದರು: ‘ನಾನು ಯಾವ ಬಟನ್ನನ್ನೂ ತಪ್ಪಾಗಿ ಒತ್ತಿಲ್ಲ. ಡ್ರೈವರ್.’

ಮೇಡಂ ಆ ಸಾಲನ್ನು ನನಗೆ ತೋರಿಸಿದರು. “ಇಷ್ಟು ಸಣ್ಣಕ್ಕೆ ಯಾಕೆ ಬರ್ದಿದ್ದಾನೆ ಈ ಮನುಷ್ಯ?” ಎಂದರು.

ಅದೇ ಮಾದರಿಯ ಯಂತ್ರವನ್ನು ಮೇಜಿನ ಮೇಲಿಟ್ಟುಕೊಂಡು ಎರಡು ವಾರ ಮುಚ್ಚಿದರು, ತೆರೆದರು. ಒಂಬತ್ತು ಸಾವಿರ ಸಲ ಆಯಿತು. ಒಂದು ಸಲವೂ ಕೈಕೊಡಲಿಲ್ಲ. ಕೊನೆಗೆ ದೂರಿನಲ್ಲಿದ್ದ ಹನ್ನೊಂದು ಹೊತ್ತುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರು. ಎಲ್ಲವೂ ಬೇಸಿಗೆ, ಎಲ್ಲವೂ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ. ನಮ್ಮ ಆಫೀಸಿನಲ್ಲೋ ವರ್ಷವಿಡೀ ಎ.ಸಿ.

ಮರುದಿನ ರಜೆ ಹಾಕಿ ಯಂತ್ರವನ್ನು ಅಕ್ಕನ ಅಂಗಡಿಗೆ ಒಯ್ದರು. ಪಶ್ಚಿಮದ ಕಿಟಕಿಯ ಬಿಸಿಲು, ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆಯ ಝಳ.

“ನನ್ನ ಇಸ್ತ್ರಿ ಟೇಬಲ್ ಮೇಲೆ ಇದೇನೇ? ಇದಕ್ಕೂ ಗೆರೆ ಹಾಕ್ಬೇಕಾ?” ಎಂದರು ಅಕ್ಕ.

“ಸ್ವಲ್ಪ ಹೊತ್ತು ಕಣೆ. ಸುಮ್ನೆ ನಿನ್ನ ಕೆಲಸ ಮಾಡು.”

ಮುಚ್ಚುವುದು, ಹತ್ತು ಎಣಿಸುವುದು, ತೆರೆಯುವುದು. ಇನ್ನೂರ ಹನ್ನೆರಡನೆಯ ಸಲಕ್ಕೆ ಪರದೆ ಕಪ್ಪಾಗೇ ಉಳಿಯಿತು. ಒಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಹುಡುಕುತ್ತಿದ್ದದ್ದು ಸಿಕ್ಕಿದ್ದಕ್ಕೆ ಖುಷಿಯಾಗಬೇಕಿತ್ತು, ಬದಲಿಗೆ ಹೆದರಿಕೆಯಾಯಿತಂತೆ. “ಒಳಗೆ ಯಾರೋ ಎದ್ದು ಕೂತಿದ್ದಾರೆ, ಬಾಯಿ ಮಾತ್ರ ಬರ್ತಿಲ್ಲ ಅನ್ನಿಸ್ತು,” ಎಂದಿದ್ದರು.

ಪರದೆ, ಡಿಸ್ಕು ಎಲ್ಲ ಸತ್ತಂತಿದ್ದಾಗಲೂ ಯಂತ್ರದೊಳಗಿನ ಗಡಿಯಾರ ತನ್ನ ಪುಟ್ಟ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಪ್ರತಿ ಭಾಗವನ್ನು ಎಬ್ಬಿಸುವ ಮೊದಲು ಅದರ ಗುರುತಿನ ಸಂಖ್ಯೆಯನ್ನು ತಾರೀಖಿನ ರೂಪದಲ್ಲಿ ಆ ಗಡಿಯಾರಕ್ಕೆ ಬರೆಯುವಂತೆ ಮೇಡಂ ಮೊದಲೇ ಏರ್ಪಾಡು ಮಾಡಿದ್ದರು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ಅದು ಎಷ್ಟೋ ವರ್ಷ ಹಿಂದಿನ ಯಾವುದೋ ತಾರೀಖು ತೋರಿಸಿತು. ಅದು ಬರೀ ಸಂಖ್ಯೆಯೆಂದು ಅವರಿಗೆ ಗೊತ್ತು. ಆದರೂ ಆ ದಿನ ತಾನೆಲ್ಲಿದ್ದೆ, ಯಾರು ಯಾರು ಬದುಕಿದ್ದರು ಎಂದು ಯೋಚಿಸುತ್ತಾ ತುಸು ಹೊತ್ತು ಕುಳಿತರು. ಆಮೇಲೆ ತಾರೀಖನ್ನು ಬಿಡಿಸಿ ನೋಡಿದರು. ಕೊನೆಯದಾಗಿ ಎಬ್ಬಿಸಲು ಹೊರಟಿದ್ದು ಪರದೆಯನ್ನು ನಡೆಸುವ ಚಿಪ್.

ಆ ಚಿಪ್ಪಿಗೆ ವಿದ್ಯುತ್ ಕೊಟ್ಟ ಮೇಲೆ ಅದು ಸ್ಥಿರವಾಗುವ ತನಕ ಇಪ್ಪತ್ತು ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು, ತಡೆಯಬೇಕು. ಬಿಸಿಯೇರಿದ ಯಂತ್ರದಲ್ಲಂತೂ ಅಷ್ಟೂ ಬೇಕೇಬೇಕು. ಪ್ರೋಗ್ರಾಂನಲ್ಲಿ ಆ ಕಾಯುವ ಸಾಲೇ ಇರಲಿಲ್ಲ. ಹಿಂದೊಮ್ಮೆ ಇತ್ತು, ಯಾರೋ ತೆಗೆದಿದ್ದರು. ಯಾರು ಏನು ತೆಗೆದರೆಂಬ ದಾಖಲೆ ಅಲ್ಲೇ ಇರುತ್ತದೆ. ತೆರೆದರೆ ಅವರದೇ ಹೆಸರು, ಆರು ವರ್ಷದ ಹಿಂದಿನದು. ‘ಅನಗತ್ಯ ಕಾಯುವಿಕೆಗಳನ್ನು ತೆಗೆಯಲಾಗಿದೆ’ ಎಂದು ಅವರೇ ಬರೆದಿದ್ದರು. ಆ ದಿನ ನನಗೂ ನೆನಪಿದೆ. ಯಂತ್ರ ಥಟ್ಟನೆ ಏಳುವುದನ್ನು ಕಂಡು ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಸಾಲನ್ನು ಮತ್ತೆ ಸೇರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಡ್ರೈವರನ್ನು ನೋಡಬೇಕೆಂದರು; ನಾನೂ ಜೊತೆಗೆ ಹೋದೆ. ಆಂಬುಲೆನ್ಸ್ ಶೆಡ್ಡಿನಲ್ಲಿ ಅವನು ಗಾಡಿ ತೊಳೆಯುತ್ತಿದ್ದ. ಸ್ಟಿಯರಿಂಗ್ ಮುಟ್ಟಲು ಈಗ ಅವನಿಗೆ ಬಿಡುತ್ತಿರಲಿಲ್ಲ.

“ನಾನೇನೂ ತಪ್ಪಾಗಿ ಒತ್ತಿಲ್ಲ ಮೇಡಂ,” ಎಂದ, ಪೈಪ್ ಕೆಳಗಿಡುವ ಮೊದಲೇ.

“ಗೊತ್ತಪ್ಪಾ. ತಪ್ಪು ನಂದು.”

ಅವನು ಅದನ್ನು ಕೇಳಿಸಿಕೊಳ್ಳದವನ ಹಾಗೆ ಹೇಳುತ್ತಾ ಹೋದ. “ಆ ಬಡಾವಣೇಲಿ ಬೀದಿಗಳೆಲ್ಲ ಒಂದೇ ಥರ. ಮ್ಯಾಪ್ ಕಪ್ಪು. ಪಕ್ಕದ ಬೀದೀಲೇ ಸುತ್ತಿದೆ, ಒಂಬತ್ತು ನಿಮಿಷ. ಹೋಗೋಷ್ಟ್ರಲ್ಲಿ ಪೇಷೆಂಟು ಆಯಮ್ಮ ತೀರ್ಕೊಂಡಿದ್ರು. ಮೊದ್ಲೇ ಬಂದಿದ್ರೂ ಹೇಳಕ್ಕಾಗಲ್ಲ ಅಂದ್ರು ಡಾಕ್ಟರು. ಹೇಳಕ್ಕಾಗಲ್ಲ ಅಂದ್ರೆ ಏನು ಮೇಡಂ? ಅದನ್ನಿಟ್ಕೊಂಡು ನಾನೇನ್ ಮಾಡ್ಲಿ?”

ಮೇಡಂ ಇಸ್ತ್ರಿ ಟೇಬಲ್ಲಿನಿಂದ ಹಿಡಿದು ಎಲ್ಲವನ್ನೂ ಅವನಿಗೆ ತಿಳಿಯುವಂತೆ ಹೇಳಿದರು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, “ಇದನ್ನ ಒಂದು ಚೀಟೀಲಿ ಬರ್ದು ಕೊಡ್ತೀರಾ?” ಎಂದ. ಅಲ್ಲೇ ನಿಂತು ಬರೆದು, ಸಹಿ ಹಾಕಿ ಕೊಟ್ಟರು.

ಕಂಪನಿಯ ಕಾಗದವೂ ಹೋಗಬೇಕಿತ್ತಲ್ಲ. ಅದರಲ್ಲಿ ‘ಈ ದೋಷಕ್ಕೆ ನಾನು ಮಾಡಿದ ಬದಲಾವಣೆಯೇ ಕಾರಣ’ ಎಂದು ಮೇಡಂ ಬರೆದಿದ್ದನ್ನು ನೋಡಿ ಮ್ಯಾನೇಜರ್ ಕರೆಸಿದರು. “ಸರಿಪಡಿಸಲಾಗಿದೆ ಅಂತಷ್ಟೇ ಹಾಕಿ ಸಾಕು. ಇಲ್ಲದ ತಲೆನೋವು ಯಾಕೆ?”

“ನನ್ನನ್ನ ತೆಗೆಯೋದಾದ್ರೆ ತೆಗೀರಿ ಸರ್. ಆ ಸಾಲು ತೆಗೆಯಲ್ಲ.”

ಎರಡು ದಿನ ಎಳೆದಾಡಿ, ಕಾಗದ ಇದ್ದ ಹಾಗೇ ಹೋಯಿತು. ಡ್ರೈವರನಿಗೆ ಒಂದು ತಿಂಗಳಲ್ಲಿ ಗಾಡಿ ಮತ್ತೆ ಸಿಕ್ಕಿತು.

ಅಷ್ಟಕ್ಕೇ ಬಿಡಬಹುದಿತ್ತು, ಅವರು ಬಿಡಲಿಲ್ಲ. ಡ್ರೈವರನಿಂದ ವಿಳಾಸ ಪಡೆದು, ಒಂದು ಭಾನುವಾರ ಹೊತ್ತೇರಿದ ಮೇಲೆ ತೀರಿಕೊಂಡ ಆ ಹೆಂಗಸಿನ ಬೀದಿಗೆ ಹೋದರು. ಪಕ್ಕದ ಬೀದಿಯ ತುದಿಯಿಂದ ಆ ಮನೆಯ ಗೇಟಿನವರೆಗೆ ಗಡಿಯಾರ ನೋಡಿಕೊಂಡು ನಡೆದರು. ನಡೆದರೂ ಎರಡೇ ನಿಮಿಷ. ಗೇಟಿನ ಒಳಗೆ ಒಬ್ಬ ವಯಸ್ಸಾದವರು ಕುರ್ಚಿ ಹಾಕಿಕೊಂಡು ಕೂತಿದ್ದರು, ತೀರಿಕೊಂಡವರ ಗಂಡ.

“ಯಾರು ಬೇಕಿತ್ತಮ್ಮಾ?”

“ಅಡ್ರೆಸ್ ತಪ್ಪಾಯ್ತು,” ಎಂದುಬಿಟ್ಟರು ಮೇಡಂ.

“ಯಾವ ಅಡ್ರೆಸ್ ಹೇಳಿ. ಮೂವತ್ತು ವರ್ಷ ಪೋಸ್ಟ್‌ಮನ್ ಆಗಿದ್ದೆ. ಈ ಕಡೆ ನನಗೆ ಗೊತ್ತಿಲ್ಲದ ಮನೆ ಇಲ್ಲ.”

ಮೇಡಂ ತಿರುಗಿ ಓಡಿದಂತೆ ನಡೆದು ಬಂದರು. ಆ ವಾರವೆಲ್ಲ ಊಟ ಸೇರಲಿಲ್ಲ. “ಯಾರ ಮನೇಲಿ ಏನ್ ಬಿಟ್ಟು ಬಂದಿದ್ದೀಯೇ ನೀನು?” ಎಂದು ಅಕ್ಕ ಹಿಡಿದು ಕೇಳಿದ ಮೇಲೆ ಎಲ್ಲ ಹೇಳಿಕೊಂಡು ಅತ್ತರು. ಮುಂದಿನ ಭಾನುವಾರ ಅಕ್ಕ ಆ ಬೀದಿಯ ತಿರುವಿನವರೆಗೆ ಬಂದು ನಿಂತರು. ಮೇಡಂ ಒಬ್ಬರೇ ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮುದುಕರು ಗೇಟಿನ ಕಡೆ ನೋಡಿದರು. ಆಮೇಲೆ ಹೇಳಿದರು: “ಸೈರನ್ ಕೇಳಿಸ್ತಾ ಇತ್ತಮ್ಮಾ. ಹತ್ರ ಬರೋದು, ದೂರ ಹೋಗೋದು, ಮತ್ತೆ ಬರೋದು. ಗೇಟಿಗೆ ಹೋಗಿ ಕೈ ಬೀಸಿದ್ರೆ ಗಾಡಿಯವ್ನಿಗೆ ಕಾಣ್ತಿತ್ತೇನೋ. ಅವಳು ನನ್ನ ಕೈ ಹಿಡ್ಕೊಂಡಿದ್ಲು. ಬಿಡಿಸ್ಕೊಳ್ಳಕ್ಕಾಗ್ಲಿಲ್ಲ. ಇಷ್ಟು ದಿನ, ನಾನು ಗೇಟಿಗೆ ಹೋಗದೆ ಹೀಗಾಯ್ತು ಅಂತಲೇ ಇದ್ದೆ.”

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. “ಈಗ ಹೋಗಿ. ಮುಂದೆ ಯಾವಾಗಾದ್ರೂ ಬರ್ಬೇಕು ಅನ್ನಿಸಿದ್ರೆ ಬನ್ನಿ. ಇವತ್ತಿಗೆ ಸಾಕು,” ಎಂದರು.

ಎರಡು ವರ್ಷವಾಯಿತು. ಅಂಥ ದೂರು ಇನ್ನೊಂದು ಬಂದಿಲ್ಲ. ಮೇಡಂ ಅದೇ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದಾರೆ. ಹಳೆಯ ಹೆಸರಿನಿಂದ ಅವರನ್ನು ಈಗ ಯಾರೂ ಕರೆಯುವುದಿಲ್ಲ. ಬೇಡವೆಂದು ಅವರೇನೂ ಹೇಳಲಿಲ್ಲ, ಹಾಗೇ ನಿಂತುಹೋಯಿತು. ಹೊರಗೆ ಎಲ್ಲಾದರೂ ಸೈರನ್ ಕೇಳಿದರೆ ಅವರ ಕೈ ಕೀಬೋರ್ಡಿನಿಂದ ಮೇಲೆದ್ದು ಗಾಳಿಯಲ್ಲೇ ನಿಲ್ಲುತ್ತದೆ. ನಾವೂ ಮಾತು ನಿಲ್ಲಿಸುತ್ತೇವೆ. ಸದ್ದು ಒಂದೇ ದಿಕ್ಕಿಗೆ ಹೋಗಿ ಕರಗಿದರೆ ಮತ್ತೆ ಟೈಪ್ ಮಾಡತೊಡಗುತ್ತಾರೆ.

ಮೊನ್ನೆ ಮಧ್ಯಾಹ್ನ ಸೈರನ್ ದೂರ ಹೋಗಿ, ತಿರುಗಿ ಬಂದು, ಮತ್ತೆ ದೂರ ಹೋಯಿತು. ಮೇಡಂ ಎದ್ದು ಕಿಟಕಿಯ ಬಳಿ ನಿಂತರು. ಕಾಫಿ ತಂದಿಟ್ಟೆ, ನೋಡಲಿಲ್ಲ. ಸಂಜೆ ಎಲ್ಲರೂ ಬ್ಯಾಗು ಹೆಗಲಿಗೇರಿಸುವಾಗಲೂ ಅಲ್ಲೇ ನಿಂತಿದ್ದರು.